ಸಂಯುಕ್ತಗಳಿಗೆ ಹೆಸರಿಡುವುದು ಹೇಗೆ: ಅಡುಗೆ ಉಪ್ಪಿನಿಂದ ಕುದುರೆಮುಖದ ಅದಿರಿನ ತನಕ

ಒಂಬತ್ತನೇ ತರಗತಿಯಲ್ಲಿ ಬರೆದ ಒಂದು ತಪ್ಪು ಉತ್ತರ ನನಗಿನ್ನೂ ನೆನಪಿದೆ. ಒಂದು ಕ್ಯಾಲ್ಸಿಯಂ, ಎರಡು ಕ್ಲೋರಿನ್ ಸೇರಿದ ಸಂಯುಕ್ತದ ಹೆಸರೇನು ಎಂಬ ಪ್ರಶ್ನೆಗೆ "ಕ್ಯಾಲ್ಸಿಯಂ ಡೈಕ್ಲೋರೈಡ್" ಎಂದು ಬರೆದಿದ್ದೆ. ಕಾರ್ಬನ್ ಡೈಆಕ್ಸೈಡ್ ಸರಿ ಅಂದಮೇಲೆ ಇದೂ ಸರಿಯಿರಬೇಕಲ್ಲ ಎಂಬುದು ನನ್ನ ತರ್ಕ. ಕೆಂಪು ಗೆರೆ ಬಿತ್ತು. ಯಾಕೆ ಬಿತ್ತು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಅಕ್ಕಪಕ್ಕದ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡಲು ಕೂತಾಗ, ಹತ್ತರಲ್ಲಿ ಎಂಟು ಮಕ್ಕಳು ಅದೇ ತಪ್ಪನ್ನು ಅದೇ ತರ್ಕದಿಂದ ಮಾಡುವುದನ್ನು ನೋಡಿದೆ. ತಪ್ಪು ಮಕ್ಕಳದ್ದಲ್ಲ. ನಿಯಮಗಳನ್ನು ಹೇಳಿ, ಆ ನಿಯಮ ಹುಟ್ಟಿದ್ದೇಕೆ ಅನ್ನುವುದನ್ನು ಬಿಟ್ಟುಬಿಟ್ಟರೆ ಹೀಗೇ ಆಗುವುದು.

ಹಾಗಾಗಿ ಆ "ಏಕೆ" ಎಂಬುದನ್ನೇ ಮೊದಲು ಹೇಳಿಬಿಡುತ್ತೇನೆ. ಸೂತ್ರದಲ್ಲಿರುವ ಪರಮಾಣುಗಳ ಸಂಖ್ಯೆಯನ್ನು ಲೆಕ್ಕ ಹಾಕಿ ಕಂಡುಕೊಳ್ಳಬಹುದಾದರೆ, ಹೆಸರಿನಲ್ಲಿ ಅದನ್ನು ಹೇಳುವುದಿಲ್ಲ. ಕಂಡುಕೊಳ್ಳಲು ದಾರಿಯಿಲ್ಲದಿದ್ದರೆ ಹೇಳಲೇಬೇಕು. ಕೆಳಗೆ ಬರುವ ಹಂತಗಳೆಲ್ಲ ಈ ಒಂದು ಮಾತಿನ ಸುತ್ತ ತಿರುಗುತ್ತವೆ.

ಇನ್ನೊಂದು ವಿಷಯ. ಇಲ್ಲಿ ಸೂತ್ರಗಳನ್ನು "ಒಂದು ಕ್ಯಾಲ್ಸಿಯಂ, ಎರಡು ಕ್ಲೋರಿನ್" ಎಂದು ಎಣಿಸಿ ಹೇಳುತ್ತೇನೆ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಅದನ್ನು ನೀವೇ ಸಂಕೇತಗಳಲ್ಲಿ ಬರೆದುಕೊಳ್ಳುತ್ತಾ ಹೋಗಿ. ಅರ್ಧ ಕಲಿಕೆ ಆ ಬರವಣಿಗೆಯಲ್ಲೇ ಆಗಿಹೋಗುತ್ತದೆ.

ಹೆಸರಿಗೆ ಇಷ್ಟು ಕಟ್ಟುನಿಟ್ಟು ಯಾಕೆ?

ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಸತುವಿನ ಆಕ್ಸೈಡನ್ನು "ಸತುವಿನ ಹೂವು" ಎಂದೂ ಆಂಟಿಮನಿಯ ಕ್ಲೋರೈಡನ್ನು "ಆಂಟಿಮನಿಯ ಬೆಣ್ಣೆ" ಎಂದೂ ಕರೆಯುತ್ತಿದ್ದರು. ನಮ್ಮಲ್ಲೂ ಮೈಲುತುತ್ತ, ನವಸಾಗರ, ಪೆಟ್ಲುಪ್ಪು, ಪಟಿಕ ಎಂಬ ಹೆಸರುಗಳಿವೆ. ಕೇಳಲು ಚೆಂದ, ಬಳಸಲು ಸುಲಭ. ಆದರೆ ಮೈಲುತುತ್ತ ಎಂಬ ಪದವನ್ನು ಎಷ್ಟು ಹಿಂಡಿದರೂ ಅದರಲ್ಲಿ ತಾಮ್ರ ಇದೆ ಎಂಬುದು ಹೊರಬರುವುದಿಲ್ಲ. ಈ ಗೊಂದಲದಿಂದ ಬೇಸತ್ತು ಫ್ರಾನ್ಸಿನ ನಾಲ್ವರು ರಸಾಯನಶಾಸ್ತ್ರಜ್ಞರು, ಗಿಟೋನ್ ದ ಮೊರ್ವೊ, ಲೆವಾಸಿಯೆ, ಬರ್ತೊಲೆ ಮತ್ತು ಫೂರ್ಕ್ರಾ, 1787ರಲ್ಲಿ ಹೊಸ ಪದ್ಧತಿಯೊಂದನ್ನು ಪ್ರಕಟಿಸಿದರು. ವಸ್ತುವಿನೊಳಗೆ ಏನಿದೆಯೋ ಅದೇ ಅದರ ಹೆಸರಾಗಬೇಕು ಎಂಬುದು ಅವರ ವಾದ. ಇವತ್ತು ಆ ನಿಯಮಗಳನ್ನು ನೋಡಿಕೊಳ್ಳುವುದು 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ.

ಮೊದಲ ಹಂತ: ಲೋಹ ಇದೆಯೇ?

ಸೂತ್ರ ಕಣ್ಣಿಗೆ ಬಿದ್ದ ಕೂಡಲೇ ಹೆಸರು ಹೇಳಲು ಹೋಗಬೇಡಿ. ಮೊದಲ ಧಾತು ಲೋಹವೋ ಅಲೋಹವೋ ನೋಡಿ. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕಬ್ಬಿಣ, ತಾಮ್ರ, ಸೀಸ ಇಂಥದ್ದು ಮುಂದೆ ನಿಂತಿದ್ದರೆ ಅಯಾನಿಕ (ಎಲೆಕ್ಟ್ರಾನ್ ಕೊಟ್ಟು ಪಡೆದು ಬೆಸೆದ) ಸಂಯುಕ್ತದ ದಾರಿ. ಕಾರ್ಬನ್, ನೈಟ್ರೋಜನ್, ಸಲ್ಫರ್, ಫಾಸ್ಫರಸ್‌ನಂಥ ಅಲೋಹ ಮುಂದಿದ್ದು, ಹಿಂದಿನದೂ ಅಲೋಹವೇ ಆಗಿದ್ದರೆ ಸಹವೇಲೆನ್ಸೀಯ (ಎಲೆಕ್ಟ್ರಾನ್ ಹಂಚಿಕೊಂಡು ಬೆಸೆದ) ಸಂಯುಕ್ತದ ದಾರಿ. ಹೈಡ್ರೋಜನ್ ಮುಂದಿದ್ದರೆ ಅದು ಆಮ್ಲ ಇರಬಹುದು, ಅದಕ್ಕೆ ಕೊನೆಯಲ್ಲಿ ಬರೋಣ.

ಇದಕ್ಕೆ ಒಂದು ಅಪವಾದವನ್ನು ಮಾತ್ರ ಈಗಲೇ ಗಟ್ಟಿ ಮಾಡಿಕೊಳ್ಳಿ: ಅಮೋನಿಯಂ. ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್ ಸೇರಿದ ಈ ಗುಂಪಿನಲ್ಲಿ ಲೋಹದ ಸುಳಿವೂ ಇಲ್ಲ, ಆದರೆ ನಡವಳಿಕೆಯೆಲ್ಲ ಸೋಡಿಯಂನದ್ದೇ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಅದಕ್ಕೆ ಅಯಾನಿಕ ನಿಯಮವೇ ಅನ್ವಯ.

ಆವರ್ತ ಕೋಷ್ಟಕದಲ್ಲಿ ಲೋಹಗಳನ್ನು ಗುರುತಿಸುವುದು ಕಷ್ಟವಲ್ಲ. ಬಲಭಾಗದಲ್ಲಿ ಬೋರಾನ್‌ನಿಂದ ಶುರುವಾಗಿ ಮೆಟ್ಟಿಲಿನಂತೆ ಇಳಿಯುವ ಗೆರೆಯ ಎಡಕ್ಕಿರುವುದೆಲ್ಲ, ಹೈಡ್ರೋಜನ್ ಒಂದನ್ನು ಬಿಟ್ಟು, ಹೆಚ್ಚುಕಡಿಮೆ ಲೋಹಗಳೇ. ಕಷ್ಟವಾಗುವುದು ಸಂಕೇತಗಳು. ಸೋಡಿಯಂಗೆ "ಎನ್‌ಎ" ಯಾಕೆ, ಪೊಟ್ಯಾಸಿಯಂಗೆ "ಕೆ" ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅವು ಲ್ಯಾಟಿನ್ ಹೆಸರುಗಳ ಗುರುತು: ನೇಟ್ರಿಯಂ, ಕಾಲಿಯಂ. ಕಬ್ಬಿಣ ಫೆರಂ, ತಾಮ್ರ ಕ್ಯೂಪ್ರಂ, ತವರ ಸ್ಟ್ಯಾನಂ, ಸೀಸ ಪ್ಲಂಬಂ, ಬೆಳ್ಳಿ ಅರ್ಜೆಂಟಂ. ಈ ಪಟ್ಟಿಯನ್ನು ಉರು ಹೊಡೆಯದೆ ಬೇರೆ ದಾರಿಯಿಲ್ಲ. ಮುಂದೆ ಫೆರಸ್, ಕ್ಯೂಪ್ರಿಕ್ ಬರುವಾಗ ಇದೇ ಕೈ ಹಿಡಿಯುತ್ತದೆ.

ಎರಡನೇ ಹಂತ: ಸರಳ ಅಯಾನಿಕ ಸಂಯುಕ್ತ

ಲೋಹದ ಹೆಸರು ಇದ್ದ ಹಾಗೇ ಮೊದಲು ಬರುತ್ತದೆ. ಅಲೋಹದ ಬಾಲ ಕತ್ತರಿಸಿ "ಐಡ್" ಅಂಟಿಸಬೇಕು. ಕ್ಲೋರಿನ್ ಕ್ಲೋರೈಡ್ ಆಗುತ್ತದೆ, ಆಕ್ಸಿಜನ್ ಆಕ್ಸೈಡ್, ಸಲ್ಫರ್ ಸಲ್ಫೈಡ್, ನೈಟ್ರೋಜನ್ ನೈಟ್ರೈಡ್, ಫಾಸ್ಫರಸ್ ಫಾಸ್ಫೈಡ್, ಕಾರ್ಬನ್ ಕಾರ್ಬೈಡ್. ಅಷ್ಟೇ. ಒಂದು ಸೋಡಿಯಂ, ಒಂದು ಕ್ಲೋರಿನ್: ಸೋಡಿಯಂ ಕ್ಲೋರೈಡ್. ಮೂರು ಮೆಗ್ನೀಸಿಯಂ, ಎರಡು ನೈಟ್ರೋಜನ್: ಮೆಗ್ನೀಸಿಯಂ ನೈಟ್ರೈಡ್. ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್: ಅಲ್ಯೂಮಿನಿಯಂ ಆಕ್ಸೈಡ್.

ಕನ್ನಡದಲ್ಲಿ ಓದುವವರಿಗೆ ಇಲ್ಲೊಂದು ಸಣ್ಣ ತೊಡಕಿದೆ. ನಾವು ಗಂಧಕ, ಸಾರಜನಕ, ಆಮ್ಲಜನಕ, ರಂಜಕ, ಇಂಗಾಲ ಎನ್ನುತ್ತೇವೆ. ಆದರೆ "ಗಂಧಕೈಡ್" ಎಂಬ ಪದ ಇಲ್ಲ. ಹೆಸರಿನ ಮೊದಲ ಭಾಗದಲ್ಲಿ ಕನ್ನಡದ ಹೆಸರು ನಿಲ್ಲುತ್ತದೆ, ಷಷ್ಠಿ ವಿಭಕ್ತಿಯನ್ನೂ ತೊಟ್ಟುಕೊಳ್ಳುತ್ತದೆ: ಕಬ್ಬಿಣದ ಸಲ್ಫೈಡ್, ಸತುವಿನ ಆಕ್ಸೈಡ್, ತಾಮ್ರದ ಸಲ್ಫೇಟ್. ಎರಡನೇ ಭಾಗಕ್ಕೆ ಮಾತ್ರ ಅಂತರರಾಷ್ಟ್ರೀಯ ಬುಡವೇ ಬೇಕು. ಹಾಗಾಗಿ ಅಲೋಹಗಳ ಎರಡೂ ಹೆಸರು ನಾಲಗೆಯ ಮೇಲಿರಲಿ. ಪಿಯುಸಿಗೆ ಹೋದ ಮೇಲೆ ಈ ಅಭ್ಯಾಸದಿಂದ ಉಳಿಯುವ ಶ್ರಮ ಸಣ್ಣದಲ್ಲ.

ಈಗ ನನ್ನ ಕೆಂಪು ಗೆರೆಯ ವಿಷಯಕ್ಕೆ ಬರೋಣ. ಕ್ಯಾಲ್ಸಿಯಂ ಎರಡನೇ ಗುಂಪಿನ ಲೋಹ. ಅದು ಅಯಾನು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣ, ಆಗುವಾಗ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಆವೇಶ ಪ್ಲಸ್ 2. ಕ್ಲೋರಿನ್ ಒಂದನ್ನು ಪಡೆಯುತ್ತದೆ, ಆವೇಶ ಮೈನಸ್ 1. ಜಮಾ ಖರ್ಚು ಸರಿಹೋಗಬೇಕಾದರೆ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರಿನ್ ಬೇಕೇ ಬೇಕು. ಒಂದೂ ಅಲ್ಲ, ಮೂರೂ ಅಲ್ಲ. "ಕ್ಯಾಲ್ಸಿಯಂ ಕ್ಲೋರೈಡ್" ಎಂದಾಗಲೇ ಆ "ಎರಡು" ಅದರೊಳಗೆ ಅಡಗಿದೆ. ಮತ್ತೆ "ಡೈ" ಎನ್ನುವುದು "ಅವಳ ಗಂಡನ ಹೆಂಡತಿ ಅವಳೇ" ಎಂದಂತೆ.

ಈ ಲೆಕ್ಕಕ್ಕೆ ಬೇಕಾದ ಆವೇಶಗಳು ಆವರ್ತ ಕೋಷ್ಟಕದ ಕಂಬಗಳಲ್ಲೇ ಇವೆ. ಮೊದಲ ಗುಂಪಿನ ಲೋಹಗಳಿಗೆ ಪ್ಲಸ್ 1, ಎರಡನೆಯದಕ್ಕೆ ಪ್ಲಸ್ 2, ಅಲ್ಯೂಮಿನಿಯಂಗೆ ಪ್ಲಸ್ 3. ಬಲಗಡೆಯಿಂದ ಬಂದರೆ 17ನೇ ಗುಂಪಿನ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗೆ ಮೈನಸ್ 1. 16ರ ಆಕ್ಸಿಜನ್, ಸಲ್ಫರ್‌ಗೆ ಮೈನಸ್ 2. 15ರ ನೈಟ್ರೋಜನ್, ಫಾಸ್ಫರಸ್‌ಗೆ ಮೈನಸ್ 3. ಇವುಗಳ ಜೊತೆ ಸತುವಿಗೆ ಪ್ಲಸ್ 2, ಬೆಳ್ಳಿಗೆ ಪ್ಲಸ್ 1 ಎಂದು ಸೇರಿಸಿಕೊಂಡರೆ ಶಾಲೆಯ ಮಟ್ಟಕ್ಕೆ ಧಾರಾಳ.

ಮೂರನೇ ಹಂತ: ಬಣ್ಣ ಬದಲಿಸುವ ಲೋಹಗಳು

ಕಬ್ಬಿಣ, ತಾಮ್ರ, ತವರ, ಸೀಸ, ಪಾದರಸ, ಕ್ರೋಮಿಯಂ, ಮ್ಯಾಂಗನೀಸ್ ಈ ಸಾಲಿನವು. ಇವು ಒಮ್ಮೆ ಒಂದು ಆವೇಶ, ಇನ್ನೊಮ್ಮೆ ಇನ್ನೊಂದು ಆವೇಶ ತಾಳುತ್ತವೆ. ಕಬ್ಬಿಣ ಪ್ಲಸ್ 2 ಆಗಬಹುದು, ಪ್ಲಸ್ 3 ಆಗಬಹುದು. ಹಾಗಿದ್ದಮೇಲೆ ಬರಿಯ "ಐರನ್ ಕ್ಲೋರೈಡ್" ಎಂದರೆ ಎರಡು ಕ್ಲೋರಿನ್ನೋ ಮೂರೋ? ಲೆಕ್ಕ ಹಾಕಲು ದಾರಿಯಿಲ್ಲ. ಆದ್ದರಿಂದ ಹೇಳಬೇಕು.

ಹೇಳುವ ವಿಧಾನವನ್ನು 1919ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ ಸೂಚಿಸಿದ. ಲೋಹದ ಹೆಸರಿಗೆ ಅಂಟಿಕೊಂಡು ಆವರಣದಲ್ಲಿ ರೋಮನ್ ಅಂಕಿ. ಅದು ಲೋಹದ ಆವೇಶವನ್ನು ಹೇಳುತ್ತದೆ. ಪರಮಾಣುಗಳ ಎಣಿಕೆಯನ್ನಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ, ಅತಿ ಹೆಚ್ಚು ಅಂಕ ಹೋಗುವ ಜಾಗ ಇದು. ನಾನಿಲ್ಲಿ ಐರನ್(2), ಐರನ್(3) ಎಂದು ಸಾದಾ ಅಂಕಿಯಲ್ಲಿ ಬರೆಯುತ್ತೇನೆ, ಉತ್ತರ ಪತ್ರಿಕೆಯಲ್ಲಿ ನೀವು ರೋಮನ್ ಅಂಕಿಯನ್ನೇ ಬಳಸಿ. ಬಾಯಲ್ಲಿ ಹೇಳುವಾಗ "ಐರನ್ ತ್ರೀ ಆಕ್ಸೈಡ್".

ಬಳ್ಳಾರಿ, ಸಂಡೂರಿನ ಕೆಂಪು ಮಣ್ಣನ್ನು ನೋಡಿದವರಿಗೆ ಹೆಮಟೈಟ್ ಹೊಸದಲ್ಲ. ಅದರಲ್ಲಿ ಎರಡು ಕಬ್ಬಿಣ, ಮೂರು ಆಕ್ಸಿಜನ್. ಹೆಸರಿಡೋಣ. ಯಾವಾಗಲೂ ಗೊತ್ತಿರುವ ಕಡೆಯಿಂದ, ಅಂದರೆ ಹಿಂದಿನಿಂದ ಶುರು ಮಾಡಿ. ಒಂದು ಆಕ್ಸಿಜನ್‌ಗೆ ಮೈನಸ್ 2, ಮೂರಕ್ಕೆ ಮೈನಸ್ 6. ಒಟ್ಟು ಸೊನ್ನೆಯಾಗಲು ಕಬ್ಬಿಣಗಳೆರಡೂ ಸೇರಿ ಪ್ಲಸ್ 6 ಕೊಡಬೇಕು. ಎರಡರಿಂದ ಭಾಗಿಸಿದರೆ ಪ್ಲಸ್ 3. ಹೆಸರು ಐರನ್(3) ಆಕ್ಸೈಡ್. ಕಬ್ಬಿಣದ ಪರಮಾಣು ಎರಡಿವೆ ಎಂದು ಐರನ್(2) ಬರೆದರೆ ಅದು ಬೇರೆಯೇ ವಸ್ತು: ಒಂದು ಕಬ್ಬಿಣಕ್ಕೆ ಒಂದೇ ಆಕ್ಸಿಜನ್ ಇರುವ ಕಪ್ಪು ಆಕ್ಸೈಡ್.

ಅದೇ ಲೆಕ್ಕವನ್ನು ಒಂದು ಸೀಸ, ಎರಡು ಆಕ್ಸಿಜನ್‌ಗೆ ಹಾಕಿ: ಲೆಡ್(4) ಆಕ್ಸೈಡ್. ಎರಡು ತಾಮ್ರ, ಒಂದು ಆಕ್ಸಿಜನ್: ಕಾಪರ್(1) ಆಕ್ಸೈಡ್. ಪಾದರಸ ಮಾತ್ರ ತುಂಟ. ಪಾದರಸ(1) ಒಂಟಿಯಾಗಿ ಇರುವುದೇ ಇಲ್ಲ, ಎರಡು ಪರಮಾಣುಗಳು ಕೈಕೈ ಹಿಡಿದು ಒಟ್ಟಿಗೆ ಪ್ಲಸ್ 2 ಆಗಿರುತ್ತವೆ. ಆದ್ದರಿಂದ ಎರಡು ಪಾದರಸ, ಎರಡು ಕ್ಲೋರಿನ್ ಇರುವ ಸೂತ್ರವನ್ನು ಒಂದಕ್ಕೊಂದು ಎಂದು ಸಂಕ್ಷೇಪಿಸಬಾರದು. ಅದು ಮರ್ಕ್ಯುರಿ(1) ಕ್ಲೋರೈಡ್.

ಇನ್ನು ಹಳೆಯ ಹೆಸರುಗಳು. ಕಡಿಮೆ ಆವೇಶಕ್ಕೆ "ಅಸ್", ಹೆಚ್ಚಿನದಕ್ಕೆ "ಇಕ್" ಬಾಲ ಹಚ್ಚುವುದು: ಫೆರಸ್ ಮತ್ತು ಫೆರಿಕ್, ಕ್ಯೂಪ್ರಸ್ ಮತ್ತು ಕ್ಯೂಪ್ರಿಕ್, ಸ್ಟ್ಯಾನಸ್ ಮತ್ತು ಸ್ಟ್ಯಾನಿಕ್. ಐಯುಪಿಎಸಿ ಇವನ್ನು ಕೈಬಿಟ್ಟಿದೆ, ಔಷಧದಂಗಡಿ ಬಿಟ್ಟಿಲ್ಲ. ಕಬ್ಬಿಣಾಂಶದ ಮಾತ್ರೆಗಳ ಹಾಳೆ ತಿರುಗಿಸಿದರೆ "ಫೆರಸ್ ಸಲ್ಫೇಟ್" ಎಂಬ ಹೆಸರು ಸಿಗುವುದು ಸಾಮಾನ್ಯ. ಈ ಪದ್ಧತಿಯ ದೋಷ ಏನೆಂದರೆ, ಬಾಲ ನೋಡಿ ಸಂಖ್ಯೆ ಹೇಳಲಾಗದು. ಕ್ಯೂಪ್ರಿಕ್ ಎಂದರೆ 2, ಫೆರಿಕ್ ಎಂದರೆ 3, ಸ್ಟ್ಯಾನಿಕ್ ಎಂದರೆ 4. ದೊಡ್ಡಣ್ಣ ಎಂದು ಕರೆದರೆ ಅವನ ವಯಸ್ಸು ಗೊತ್ತಾಗುತ್ತದೆಯೇ? ತಮ್ಮನಿಗಿಂತ ದೊಡ್ಡವನು ಎಂದಷ್ಟೇ ಗೊತ್ತಾಗುತ್ತದೆ. ಹಾಗೆ.

ನಾಲ್ಕನೇ ಹಂತ: ಗುಂಪಾಗಿ ಬರುವ ಅಯಾನುಗಳು

ಸೂತ್ರದಲ್ಲಿ ಮೂರು ಧಾತುಗಳು ಕಂಡರೆ, ಅಲ್ಲೊಂದು ಬಹುಪರಮಾಣ್ವೀಯ ಅಯಾನು ಇದೆ ಎಂದೇ ಲೆಕ್ಕ. ಹಲವು ಪರಮಾಣುಗಳು ಒಂದೇ ಕುಟುಂಬದಂತೆ ಒಟ್ಟಿಗೆ ಓಡಾಡುತ್ತವೆ, ಆವೇಶವೂ ಇಡೀ ಕುಟುಂಬಕ್ಕೆ ಸೇರಿದ್ದು. ಇವನ್ನು ಬಿಡಿಸಿ ಹೆಸರಿಡಬಾರದು, ಮನೆತನದ ಹೆಸರನ್ನೇ ಹೇಳಬೇಕು.

ಮೈನಸ್ 1ರವು: ಹೈಡ್ರಾಕ್ಸೈಡ್, ನೈಟ್ರೇಟ್, ನೈಟ್ರೈಟ್, ಹೈಡ್ರೋಜನ್ ಕಾರ್ಬೊನೇಟ್, ಅಸಿಟೇಟ್, ಪರ್ಮ್ಯಾಂಗನೇಟ್. ಮೈನಸ್ 2ರವು: ಕಾರ್ಬೊನೇಟ್, ಸಲ್ಫೇಟ್, ಸಲ್ಫೈಟ್, ಕ್ರೋಮೇಟ್, ಡೈಕ್ರೋಮೇಟ್. ಮೈನಸ್ 3: ಫಾಸ್ಫೇಟ್. ಪ್ಲಸ್ 1: ನಮ್ಮ ಅಮೋನಿಯಂ. ದಿನಕ್ಕೆ ಮೂರರಂತೆ ಕಲಿತರೆ ವಾರ ತುಂಬುವ ಮೊದಲೇ ಮುಗಿಯುತ್ತದೆ. ಅಡುಗೆಮನೆಯಲ್ಲೂ ಜಗಲಿಯಲ್ಲೂ ಇವು ಸಿಗುತ್ತವೆ. ಅಡುಗೆ ಸೋಡಾ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್. ಎಲೆ ಅಡಿಕೆಯ ಜೊತೆಗಿನ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಆ ಸುಣ್ಣ ಹುಟ್ಟಿದ ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಪೆಟ್ಲುಪ್ಪು ಪೊಟ್ಯಾಸಿಯಂ ನೈಟ್ರೇಟ್.

ಬಾಲಗಳ ಅರ್ಥ ತಿಳಿದರೆ ಉರು ಹೊಡೆಯುವ ಹೊರೆ ಅರ್ಧ ಇಳಿಯುತ್ತದೆ. "ಏಟ್" ಇದ್ದರೆ ಆಕ್ಸಿಜನ್ ಇದೆ. "ಐಟ್" ಇದ್ದರೂ ಆಕ್ಸಿಜನ್ ಇದೆ, ಆದರೆ ಒಂದು ಕಡಿಮೆ. ಆವೇಶ ಬದಲಾಗುವುದಿಲ್ಲ. ಸಲ್ಫೇಟ್‌ನಲ್ಲಿ ನಾಲ್ಕು ಆಕ್ಸಿಜನ್, ಸಲ್ಫೈಟ್‌ನಲ್ಲಿ ಮೂರು, ಎರಡಕ್ಕೂ ಮೈನಸ್ 2. ನೈಟ್ರೇಟ್‌ನಲ್ಲಿ ಮೂರು, ನೈಟ್ರೈಟ್‌ನಲ್ಲಿ ಎರಡು, ಎರಡಕ್ಕೂ ಮೈನಸ್ 1. ಕ್ಲೋರಿನ್‌ನ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು: ಒಂದು ಆಕ್ಸಿಜನ್ ಇದ್ದರೆ ಹೈಪೊಕ್ಲೋರೈಟ್, ಎರಡಿದ್ದರೆ ಕ್ಲೋರೈಟ್, ಮೂರಕ್ಕೆ ಕ್ಲೋರೇಟ್, ನಾಲ್ಕಕ್ಕೆ ಪರ್‌ಕ್ಲೋರೇಟ್.

ಕನ್ನಡ ಲಿಪಿಯಲ್ಲಿ ಬರೆಯುವವರು ಒಂದು ಎಚ್ಚರ ವಹಿಸಬೇಕು. ಸಲ್ಫೈಡ್ ಮತ್ತು ಸಲ್ಫೈಟ್, ನೈಟ್ರೈಡ್ ಮತ್ತು ನೈಟ್ರೈಟ್: ನಡುವೆ ಇರುವುದು ಬರೀ ಡಕಾರ, ಟಕಾರದ ಅಂತರ. ಪರೀಕ್ಷೆಯ ಕೊನೆಯ ಹತ್ತು ನಿಮಿಷದ ಕೈಬರಹದಲ್ಲಿ ಆ ಅಂತರ ಅಳಿಸಿಹೋಗುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ನಿಧಾನವಾಗಿ, ಬಿಡಿಸಿ ಬರೆಯಿರಿ.

ಆವರಣ ಕಂಡರೆ ಗಾಬರಿ ಬೇಡ. ಎರಡು ಅಲ್ಯೂಮಿನಿಯಂ, ಆವರಣದಲ್ಲಿ ಸಲ್ಫೇಟ್, ಹೊರಗೆ 3 ಎಂದಿದ್ದರೆ ಹೆಸರು ಅಲ್ಯೂಮಿನಿಯಂ ಸಲ್ಫೇಟ್, ಅಷ್ಟೇ. ಆವೇಶದಿಂದ ಆ ಮೂರು ತಾನಾಗಿ ಬರುತ್ತದೆ: ಎರಡು ಮೂರಲ ಆರು, ಮೂರು ಎರಡಲ ಆರು. ಬಣ್ಣ ಬದಲಿಸುವ ಲೋಹವಿದ್ದರೆ ಅಂಕಿ ಸೇರಿಸಿ: ಒಂದು ತಾಮ್ರ, ಎರಡು ನೈಟ್ರೇಟ್ ಇದ್ದರೆ ಕಾಪರ್(2) ನೈಟ್ರೇಟ್.

ಗೊಬ್ಬರದ ಚೀಲ ಓದುವುದು

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಿಯಮ ಕಲಿತ ಮಕ್ಕಳನ್ನು ತಬ್ಬಿಬ್ಬು ಮಾಡುವ ಎರಡು ಹೆಸರುಗಳು ಹಳ್ಳಿಮನೆಯ ಜಗಲಿಯಲ್ಲೇ ಇರುತ್ತವೆ. ಒಂದು ಡಿಎಪಿ, ಡೈ ಅಮೋನಿಯಂ ಫಾಸ್ಫೇಟ್. ಅಯಾನಿಕದಲ್ಲಿ "ಡೈ" ಬಾರದು ಎಂದು ಈಗಷ್ಟೇ ಹೇಳಿದೆ, ಚೀಲದ ಮೇಲೆ ದಪ್ಪಕ್ಷರದಲ್ಲಿ "ಡೈ" ಇದೆ! ಅದರೊಳಗಿರುವುದು ಎರಡು ಅಮೋನಿಯಂ ಮತ್ತು ಒಂದು ಹೈಡ್ರೋಜನ್ ಫಾಸ್ಫೇಟ್. ನಮ್ಮ ನಿಯಮದಂತೆ ಅಮೋನಿಯಂ ಹೈಡ್ರೋಜನ್ ಫಾಸ್ಫೇಟ್. ಒಂದೇ ಅಮೋನಿಯಂ ಇರುವ ಇನ್ನೊಂದು ಗೊಬ್ಬರವೂ ಮಾರುಕಟ್ಟೆಯಲ್ಲಿದೆ, ಮೋನೊ ಅಮೋನಿಯಂ ಫಾಸ್ಫೇಟ್. ವ್ಯಾಪಾರದ ಹೆಸರು ನಡುವಿನ ಹೈಡ್ರೋಜನನ್ನು ನುಂಗಿಬಿಟ್ಟಿದ್ದರಿಂದ, ಎರಡನ್ನೂ ಬೇರೆ ಮಾಡಲು ಎಣಿಕೆ ಹೇಳಬೇಕಾಯಿತು. ಮತ್ತೆ ಅದೇ ಮಾತು ನೋಡಿ: ಲೆಕ್ಕಕ್ಕೆ ಸಿಗದಿದ್ದರೆ ಹೇಳಲೇಬೇಕು.

ಇನ್ನೊಂದು ಎಂಒಪಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇದು ಬರೀ ಪೊಟ್ಯಾಸಿಯಂ ಕ್ಲೋರೈಡ್. ಹಾಗಾದರೆ "ಮ್ಯೂರಿಯೇಟ್" ಎಲ್ಲಿಂದ ಬಂತು? ಹೈಡ್ರೋಕ್ಲೋರಿಕ್ ಆಮ್ಲವನ್ನು ಹಿಂದೆ ಮ್ಯೂರಿಯಾಟಿಕ್ ಆಮ್ಲ ಎನ್ನುತ್ತಿದ್ದರು. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರುತ್ತದೆ ಎಂಬುದು ಲೆವಾಸಿಯೆಯ ನಂಬಿಕೆ. ಹಾಗಾಗಿ 1787ರ ಪಟ್ಟಿಯಲ್ಲಿ ಅದರ ಲವಣಗಳಿಗೂ "ಏಟ್" ಬಾಲ ಬಿತ್ತು. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಅದರಲ್ಲಿ ಆಕ್ಸಿಜನ್ ಇಲ್ಲ, ಇರುವುದು ಕ್ಲೋರಿನ್ ಎಂಬ ಸ್ವತಂತ್ರ ಧಾತು ಎಂದು ವಾದಿಸಿ ಗೆದ್ದ. ರಸಾಯನಶಾಸ್ತ್ರ ಹೆಸರು ತಿದ್ದಿಕೊಂಡಿತು, ಗೊಬ್ಬರದಂಗಡಿ ತಿದ್ದಿಕೊಳ್ಳಲಿಲ್ಲ. ಇನ್ನೂರು ವರ್ಷಗಳ ಹಿಂದಿನ ತಪ್ಪೊಂದು ಇವತ್ತಿಗೂ ಐವತ್ತು ಕಿಲೋ ಚೀಲದ ಮೇಲೆ ಕೂತು ಸೊಸೈಟಿಗೆ ಬರುತ್ತಿದೆ.

ನೀರು ಹೊತ್ತ ಲವಣಗಳು

ಮಲೆನಾಡಿನ ಅಡಿಕೆ ತೋಟದವರಿಗೆ ಮೈಲುತುತ್ತ ಮನೆಯ ಸಾಮಾನು. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ನೀಲಿ ಹರಳಿನ ಪೂರ್ತಿ ಹೆಸರು ಕಾಪರ್(2) ಸಲ್ಫೇಟ್ ಪೆಂಟಾಹೈಡ್ರೇಟ್. ಒಂದು ತಾಮ್ರ, ಒಂದು ಸಲ್ಫೇಟ್, ಅವುಗಳ ಜೊತೆ ಐದು ನೀರಿನ ಅಣು. ಕಾಯಿಸಿದರೆ ನೀರು ಹೋಗಿ ಹರಳು ಬಿಳಿ ಪುಡಿಯಾಗುತ್ತದೆ. ನೀರಿಗೆ ಆವೇಶ ಇಲ್ಲ, ಆದ್ದರಿಂದ ಎಷ್ಟು ನೀರು ಎಂಬುದು ಯಾವ ಲೆಕ್ಕಕ್ಕೂ ಸಿಗದು, ಹೇಳಲೇಬೇಕು. ವಾಷಿಂಗ್ ಸೋಡಾದಲ್ಲಿ ಹತ್ತು ನೀರು, ಡೆಕಾಹೈಡ್ರೇಟ್. ಜಿಪ್ಸಂನಲ್ಲಿ ಎರಡು, ಡೈಹೈಡ್ರೇಟ್.

ಐದನೇ ಹಂತ: ಸಹವೇಲೆನ್ಸೀಯ ಸಂಯುಕ್ತ

ಎರಡೂ ಅಲೋಹಗಳಾದರೆ ಯಾರೂ ಯಾರಿಗೂ ಎಲೆಕ್ಟ್ರಾನ್ ದಾನ ಮಾಡುವುದಿಲ್ಲ, ಹಂಚಿಕೊಳ್ಳುತ್ತಾರೆ. ಹಂಚಿಕೆಯಲ್ಲಿ ಹತ್ತಾರು ಬಗೆ ಸಾಧ್ಯ. ನೈಟ್ರೋಜನ್ ಮತ್ತು ಆಕ್ಸಿಜನ್ ಎರಡೇ ಸೇರಿ ಎಷ್ಟು ಸಂಸಾರ ಹೂಡಿವೆ ನೋಡಿ: ಎನ್2ಒ, ಎನ್‌ಒ, ಎನ್‌ಒ2, ಎನ್2ಒ3, ಎನ್2ಒ4, ಎನ್2ಒ5. "ನೈಟ್ರೋಜನ್ ಆಕ್ಸೈಡ್" ಎಂದರೆ ಇವುಗಳಲ್ಲಿ ಯಾವುದು? ಅದಕ್ಕೇ ಇಲ್ಲಿ ಎಣಿಕೆ ಕಡ್ಡಾಯ. ಎಣಿಕೆ ತಪ್ಪಿದರೆ ಪ್ರಾಣಕ್ಕೂ ಬರಬಹುದು: ಸಿಒ2 ಸೋಡಾ ಬಾಟಲಿಯ ಗುಳ್ಳೆ, ಸಿಒ ಕಿಟಕಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಬರುವ ವಿಷಾನಿಲ.

ಎಣಿಕೆಯ ಪದಗಳು ಒಂದರಿಂದ ಹತ್ತರವರೆಗೆ: ಮೋನೊ, ಡೈ, ಟ್ರೈ, ಟೆಟ್ರಾ, ಪೆಂಟಾ, ಹೆಕ್ಸಾ, ಹೆಪ್ಟಾ, ಆಕ್ಟಾ, ನೋನಾ, ಡೆಕಾ. ಇವು ನಿಮಗೆ ಪೂರ್ತಿ ಅಪರಿಚಿತರೇನಲ್ಲ. ದ್ವಿ, ತ್ರಿ, ಪಂಚ, ಸಪ್ತ, ಅಷ್ಟ, ನವ, ದಶ ಎಂಬ ಸಂಸ್ಕೃತದ ಎಣಿಕೆಯ ದೂರದ ನೆಂಟರು ಇವರು, ಗ್ರೀಕ್ ಮತ್ತು ಲ್ಯಾಟಿನ್ ಮನೆಯವರು. ಪೆಂಟಾ ಪಂಚ, ಹೆಪ್ಟಾ ಸಪ್ತ, ಆಕ್ಟಾ ಅಷ್ಟ ಎಂದು ಜೋಡಿ ಮಾಡಿಕೊಂಡರೆ ಒಂದು ಸಂಜೆಗೆ ಬಾಯಿಗೆ ಬರುತ್ತದೆ.

ಕ್ರಮ ಹೀಗೆ. ಮೊದಲ ಧಾತುವಿನ ಹೆಸರು, ಅದು ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಎಣಿಕೆ. ಎರಡನೆಯದಕ್ಕೆ ಎಣಿಕೆ ಮತ್ತು "ಐಡ್" ಬಾಲ, ಅದು ಒಂದೇ ಇದ್ದರೂ. ಆದ್ದರಿಂದ ಕಾರ್ಬನ್ ಮಾನಾಕ್ಸೈಡ್ ಸರಿ, ಮೋನೊಕಾರ್ಬನ್ ಮಾನಾಕ್ಸೈಡ್ ತಪ್ಪು. ಒಂದು ಫಾಸ್ಫರಸ್, ಐದು ಕ್ಲೋರಿನ್: ಫಾಸ್ಫರಸ್ ಪೆಂಟಾಕ್ಲೋರೈಡ್. ಒಂದು ಕಾರ್ಬನ್, ಎರಡು ಸಲ್ಫರ್: ಕಾರ್ಬನ್ ಡೈಸಲ್ಫೈಡ್. ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್: ಡೈನೈಟ್ರೋಜನ್ ಟೆಟ್ರಾಕ್ಸೈಡ್. ಈ ಕೊನೆಯದನ್ನು ಎರಡರಿಂದ ಭಾಗಿಸಿ ನೈಟ್ರೋಜನ್ ಡೈಆಕ್ಸೈಡ್ ಎನ್ನುವಂತಿಲ್ಲ. ಅದು ಕಂದು ಬಣ್ಣದ ಅನಿಲ, ಇದಕ್ಕೆ ಬಣ್ಣವೇ ಇಲ್ಲ.

ಯಾವ ಧಾತು ಮೊದಲು ಎಂಬುದನ್ನು ಸೂತ್ರವೇ ಹೇಳುತ್ತದೆ. ನೀವೇ ತೀರ್ಮಾನಿಸಬೇಕಾದಾಗ, ಎಲೆಕ್ಟ್ರಾನ್‌ಗಳನ್ನು ಹೆಚ್ಚು ಎಳೆದುಕೊಳ್ಳುವುದು ಹಿಂದೆ. ಆಕ್ಸಿಜನ್ ಸಾಮಾನ್ಯವಾಗಿ ಕೊನೆಗೆ ನಿಲ್ಲುತ್ತದೆ, ಫ್ಲೋರಿನ್ ಎದುರಿಗೆ ಮಾತ್ರ ಜಾಗ ಬಿಟ್ಟುಕೊಡುತ್ತದೆ: ಆಕ್ಸಿಜನ್ ಡೈಫ್ಲೋರೈಡ್.

ಮೋನೊ, ಟೆಟ್ರಾ, ಪೆಂಟಾಗಳ ಮುಂದೆ ಆಕ್ಸೈಡ್ ಬಂದಾಗ ಆಗುವ ಬದಲಾವಣೆಗೆ ಇಂಗ್ಲಿಷ್ ಮಾಧ್ಯಮದವರು ಪ್ರತ್ಯೇಕ ನಿಯಮ ಕಲಿಯುತ್ತಾರೆ. ನಮಗೆ ಸಂಧಿ ಗೊತ್ತಲ್ಲ! ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಂತೆ, ಮೋನೊ ಮತ್ತು ಆಕ್ಸೈಡ್ ಸೇರಿ ಮಾನಾಕ್ಸೈಡ್, ಮೊದಲ ಪದದ ಕೊನೆಯ ಸ್ವರ ಲೋಪ. ಟ್ರೈ ಮತ್ತು ಡೈಗಳಲ್ಲಿ ಲೋಪ ಇಲ್ಲ. ಬೇಗ ಹೇಳಿ ನೋಡಿ, "ಡೈಯಾಕ್ಸೈಡ್" ಎಂದು ಯಕಾರ ತಾನಾಗಿ ನುಸುಳುತ್ತದೆ, ಆಗಮಸಂಧಿಯೇ ಸರಿ. ಐಯುಪಿಎಸಿಯ 2005ರ ನಿಯಮಗಳು ಮಾನಾಕ್ಸೈಡ್ ಒಂದನ್ನು ಬಿಟ್ಟು ಬೇರೆಲ್ಲೂ ಸ್ವರ ನುಂಗಬೇಡಿ, ಟೆಟ್ರಾಆಕ್ಸೈಡ್ ಎಂದೇ ಹೇಳಿ ಎನ್ನುತ್ತವೆ. ಪಠ್ಯಪುಸ್ತಕಗಳು ಅಷ್ಟಾಗಿ ಕಿವಿಗೆ ಹಾಕಿಕೊಂಡಿಲ್ಲ. ಪರೀಕ್ಷೆಗೆ ಪುಸ್ತಕದ ದಾರಿಯೇ ಕ್ಷೇಮ.

ನೀರು, ಅಮೋನಿಯಾ, ಮೀಥೇನ್ ಈ ಲೆಕ್ಕಕ್ಕೆ ಬರುವುದಿಲ್ಲ. ರೂಢಿಯ ಹೆಸರೇ ಅವಕ್ಕೆ ಶಾಸ್ತ್ರದ ಹೆಸರು ಕೂಡ. 1997ರಲ್ಲಿ ಅಮೆರಿಕದ ಐಡಾಹೊ ರಾಜ್ಯದ 14 ವರ್ಷದ ಹುಡುಗನೊಬ್ಬ ತನ್ನ 50 ಸಹಪಾಠಿಗಳ ಮುಂದೆ "ಡೈಹೈಡ್ರೋಜನ್ ಮಾನಾಕ್ಸೈಡ್" ಎಂಬ ರಾಸಾಯನಿಕದ ಅಪಾಯಗಳನ್ನು ಪಟ್ಟಿ ಮಾಡಿದ. ಉಸಿರಿನೊಳಗೆ ಹೋದರೆ ಸಾವು, ಆಮ್ಲ ಮಳೆಯ ಮುಖ್ಯ ಅಂಶ, ಹೀಗೆ. ಅದನ್ನು ನಿಷೇಧಿಸಬೇಕು ಎಂದು 43 ಮಂದಿ ಮತ ಹಾಕಿದರು. ಹೆಸರಿಡುವುದನ್ನು ಕಲಿತವರು ಎಣಿಸಿ ನೋಡುತ್ತಿದ್ದರು: ಎರಡು ಹೈಡ್ರೋಜನ್, ಒಂದು ಆಕ್ಸಿಜನ್.

ಆಮ್ಲಗಳು, ಚುಟುಕಾಗಿ

ಹೈಡ್ರೋಜನ್ ಮುಂದಿದ್ದು, ನೀರಿನಲ್ಲಿ ಕರಗಿದ್ದರೆ ಋಣ ಅಯಾನಿನ ಬಾಲ ನೋಡಿ. "ಐಡ್" ಇದ್ದರೆ ಹೈಡ್ರೋ ಮತ್ತು ಇಕ್: ಕ್ಲೋರೈಡ್‌ನಿಂದ ಹೈಡ್ರೋಕ್ಲೋರಿಕ್ ಆಮ್ಲ. "ಏಟ್" ಇದ್ದರೆ ಇಕ್: ಸಲ್ಫೇಟ್‌ನಿಂದ ಸಲ್ಫ್ಯೂರಿಕ್, ನೈಟ್ರೇಟ್‌ನಿಂದ ನೈಟ್ರಿಕ್. "ಐಟ್" ಇದ್ದರೆ ಅಸ್: ಸಲ್ಫೈಟ್‌ನಿಂದ ಸಲ್ಫ್ಯೂರಸ್, ನೈಟ್ರೈಟ್‌ನಿಂದ ನೈಟ್ರಸ್. ನೀರಿಲ್ಲದ ಅನಿಲವಾಗಿದ್ದರೆ ಬರೀ ಹೈಡ್ರೋಜನ್ ಕ್ಲೋರೈಡ್.

ಹಿಂದಿನ ದಾರಿ: ಹೆಸರಿನಿಂದ ಸೂತ್ರಕ್ಕೆ

ಸಹವೇಲೆನ್ಸೀಯದಲ್ಲಿ ಇದು ಬರೀ ಬರೆದುಕೊಳ್ಳುವ ಕೆಲಸ, ಹೆಸರೇ ಸಂಖ್ಯೆ ಹೇಳುತ್ತದೆ. ಅಯಾನಿಕದಲ್ಲಿ ಆವೇಶಗಳ ಅಂಕಿಗಳನ್ನು ಅಡ್ಡಡ್ಡ ಇಳಿಸಿ: ಅಲ್ಯೂಮಿನಿಯಂನ 3 ಆಕ್ಸಿಜನ್‌ನ ಕೆಳಗೆ, ಆಕ್ಸಿಜನ್‌ನ 2 ಅಲ್ಯೂಮಿನಿಯಂನ ಕೆಳಗೆ. ಎರಡಕ್ಕೂ ಸಾಮಾನ್ಯ ಅಪವರ್ತನ ಇದ್ದರೆ ಸಂಕ್ಷೇಪಿಸಿ. ಕ್ಯಾಲ್ಸಿಯಂ ಆಕ್ಸೈಡಿಗೆ ಎರಡು, ಎರಡು ಬರುತ್ತದೆ, ಬರೆಯುವುದು ಒಂದು, ಒಂದು. ಬಹುಪರಮಾಣ್ವೀಯ ಅಯಾನು ಒಂದಕ್ಕಿಂತ ಹೆಚ್ಚಿದ್ದರೆ ಆವರಣ ಮರೆಯಬೇಡಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಲ್ಲಿ ಆವರಣ ಬಿಟ್ಟರೆ ಆ 2 ಹೈಡ್ರೋಜನ್ನಿಗೆ ಮಾತ್ರ ಅಂಟಿಕೊಳ್ಳುತ್ತದೆ, ಆಕ್ಸಿಜನ್ ಒಂಟಿಯಾಗುತ್ತದೆ.

ಸಂಕ್ಷೇಪಿಸುವ ಅಭ್ಯಾಸ ಒಮ್ಮೊಮ್ಮೆ ಕೈಕೊಡುತ್ತದೆ. ಎರಡು ಸೋಡಿಯಂ, ಎರಡು ಆಕ್ಸಿಜನ್ ಎಂಬ ಸೂತ್ರ ಕಂಡರೆ ಸಂಶಯ ಪಡಿ. ಸೋಡಿಯಂ ಯಾವಾಗಲೂ ಪ್ಲಸ್ 1, ಹಾಗಾಗಿ ಆಕ್ಸಿಜನ್ ಇಲ್ಲಿ ಮೈನಸ್ 2 ಆಗಿರಲು ಸಾಧ್ಯವಿಲ್ಲ. ಎರಡು ಆಕ್ಸಿಜನ್ ಪರಸ್ಪರ ಬೆಸೆದುಕೊಂಡು ಮೈನಸ್ 2 ಆಗಿವೆ. ಅದು ಸೋಡಿಯಂ ಪೆರಾಕ್ಸೈಡ್.

ಕೈ ಪಳಗಿಸಲು

ಉತ್ತರ ಮುಚ್ಚಿಕೊಂಡು ಮಾಡಿ. ಎರಡು ಸೋಡಿಯಂ, ಒಂದು ಸಲ್ಫೈಟ್. ಒಂದು ಸಲ್ಫರ್, ಆರು ಫ್ಲೋರಿನ್. ಎರಡು ಕ್ರೋಮಿಯಂ, ಮೂರು ಆಕ್ಸಿಜನ್. ಎರಡು ನೈಟ್ರೋಜನ್, ಐದು ಆಕ್ಸಿಜನ್. ಮೂರು ಕ್ಯಾಲ್ಸಿಯಂ, ಎರಡು ಫಾಸ್ಫೇಟ್. ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್.

ಮೊದಲ ಐದು ಹೀಗೆ: ಸೋಡಿಯಂ ಸಲ್ಫೈಟ್, ಸಲ್ಫರ್ ಹೆಕ್ಸಾಫ್ಲೋರೈಡ್, ಕ್ರೋಮಿಯಂ(3) ಆಕ್ಸೈಡ್, ಡೈನೈಟ್ರೋಜನ್ ಪೆಂಟಾಕ್ಸೈಡ್, ಕ್ಯಾಲ್ಸಿಯಂ ಫಾಸ್ಫೇಟ್.

ಆರನೆಯದರಲ್ಲಿ ಸಿಕ್ಕಿಬಿದ್ದಿರಾ? ನಾಲ್ಕು ಆಕ್ಸಿಜನ್‌ಗೆ ಮೈನಸ್ 8. ಮೂರು ಕಬ್ಬಿಣಕ್ಕೆ ಹಂಚಿದರೆ ತಲಾ ಎರಡೂ ಮುಕ್ಕಾಲಿಗೆ ಹತ್ತಿರ, ಎಂಟರ ಮೂರನೇ ಒಂದು ಪಾಲು. ಎಲೆಕ್ಟ್ರಾನನ್ನು ತುಂಡು ಮಾಡಿ ಕೊಡಲಾಗದು. ಲೆಕ್ಕ ತಪ್ಪಿಲ್ಲ, ಎಲ್ಲ ಕಬ್ಬಿಣವೂ ಒಂದೇ ಎಂದುಕೊಂಡದ್ದು ತಪ್ಪು. ಮೂರರಲ್ಲಿ ಒಂದು ಪ್ಲಸ್ 2, ಉಳಿದೆರಡು ಪ್ಲಸ್ 3. ಕೂಡಿಸಿ, ಎಂಟಾಗುತ್ತದೆ. ಹೆಸರು ಐರನ್(2,3) ಆಕ್ಸೈಡ್, ಆವರಣದೊಳಗೆ ಎರಡೂ ರೋಮನ್ ಅಂಕಿ, ನಡುವೆ ಅಲ್ಪವಿರಾಮ. ಅದಿರಾಗಿ ಅದರ ಹೆಸರು ಮ್ಯಾಗ್ನೆಟೈಟ್, 2005ರ ಕೊನೆಗೆ ಗಣಿಗಾರಿಕೆ ನಿಲ್ಲುವ ತನಕ ಕುದುರೆಮುಖದಲ್ಲಿ ಅಗೆಯುತ್ತಿದ್ದದ್ದು ಇದನ್ನೇ. ಬಳ್ಳಾರಿಯದು ಐರನ್(3), ಕುದುರೆಮುಖದ್ದು ಐರನ್(2,3); ಕನ್ನಡದಲ್ಲಿ ಎರಡೂ ಕಬ್ಬಿಣದ ಅದಿರು.